ವಿದ್ಯಾರ್ಥಿಯ ಅಗತ್ಯ ಮತ್ತು ವಿಶ್ವವಿದ್ಯಾಲಯದ ಗ್ರಂಥಾಲಯ: ಹಂಸಭಾವಿ ಪರಿಸರದ ಹಿನ್ನೆಲೆಯಲ್ಲಿ ಕೆಲವು ವಿಚಾರಗಳು

ವಿಶ್ವವಿದ್ಯಾಲಯವೊಂದಕ್ಕೆ ಹೊಸ ಗ್ರಂಥಾಲಯ ಬೇಕೆಂಬ ಪ್ರಸ್ತಾಪ ಬಂದಾಗ ಮೊದಲು ಸಿದ್ಧವಾಗುವುದು ಕಟ್ಟಡದ ನಕ್ಷೆ. ಅನಂತರ ಪೀಠೋಪಕರಣಗಳ ಪಟ್ಟಿ. ಆಮೇಲೆ ಗಣಕಯಂತ್ರಗಳ ಸಂಖ್ಯೆ. ವಿದ್ಯಾರ್ಥಿ ಅಲ್ಲಿಗೆ ಎಷ್ಟು ಹೊತ್ತಿಗೆ ಬರುತ್ತಾನೆ, ಯಾವ ಭಾಷೆಯಲ್ಲಿ ಹುಡುಕುತ್ತಾನೆ, ಹುಡುಕಿದ್ದು ಸಿಗದಿದ್ದರೆ ಯಾರನ್ನು ಕೇಳುತ್ತಾನೆ ಎಂಬ ಪ್ರಶ್ನೆಗಳು ಈ ಕ್ರಮದಲ್ಲಿ ಕಡೆಗೆ ಉಳಿದುಬಿಡುತ್ತವೆ. ಕಟ್ಟಡವು ಉದ್ಘಾಟನೆಗೊಂಡ ಮೇಲೆ ಅಲ್ಲಿನ ಪುಸ್ತಕಗಳ ಸಂಖ್ಯೆ ವಾರ್ಷಿಕ ವರದಿಯಲ್ಲಿ ನಮೂದಾಗುತ್ತದೆ. ಆ ಪುಸ್ತಕಗಳಲ್ಲಿ ಎಷ್ಟು ಒಮ್ಮೆಯಾದರೂ ಕಪಾಟಿನಿಂದ ಕೆಳಗಿಳಿದವು ಎಂಬುದು ನಮೂದಾಗುವುದು ವಿರಳ. ಗ್ರಂಥಾಲಯದ ವಿನ್ಯಾಸವು ಕಟ್ಟಡದಿಂದ ಆರಂಭವಾಗದೆ ವಿದ್ಯಾರ್ಥಿಯ ದಿನಚರಿಯಿಂದ ಮತ್ತು ಕ್ಯಾಟಲಾಗ್ ಎಂದು ರೂಢಿಯಲ್ಲಿರುವ ಗ್ರಂಥಸೂಚಿಯಿಂದ ಆರಂಭವಾಗಬೇಕು. ಅದರಲ್ಲಿಯೂ ಸೂಚಿಯ ಕೆಲಸವು ಗ್ರಂಥಪಾಲಕರದ್ದಷ್ಟೇ ಅಲ್ಲದೆ ಕನ್ನಡ ವಿಭಾಗಗಳದ್ದೂ ಆಗಿದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಈ ಪರಿಶೀಲನೆಗೆ ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಹಂಸಭಾವಿಯನ್ನು ಮುಂದಿಟ್ಟುಕೊಳ್ಳಲು ಕಾರಣವಿದೆ. ಅದು ನಗರವಲ್ಲ; ಆದರೆ ಮೃತ್ಯುಂಜಯ ವಿದ್ಯಾಪೀಠದ ಆಶ್ರಯದಲ್ಲಿ ಬಹುಕಾಲದಿಂದ ಶಾಲಾ ಕಾಲೇಜುಗಳನ್ನು ಕಂಡ ಊರು. ಅಂಥ ಊರಿನ ಪದವಿ ವಿದ್ಯಾರ್ಥಿಗೆ ‘ವಿಶ್ವವಿದ್ಯಾಲಯದ ಗ್ರಂಥಾಲಯ’ ಎಂಬುದು ಕಣ್ಣೆದುರಿನ ಕಟ್ಟಡವಲ್ಲ. ಸ್ನಾತಕೋತ್ತರ ಪ್ರವೇಶ ಪಡೆದ ಮೇಲೆ ಬಸ್ಸು ಹಿಡಿದು ಹೋಗಿ ನೋಡಬೇಕಾದದ್ದು. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳಿಂದ ಬರುವ ಬಹುಪಾಲು ವಿದ್ಯಾರ್ಥಿಗಳ ಸ್ಥಿತಿ ಇದೇ. ವಿಶ್ವವಿದ್ಯಾಲಯದ ಆವರಣದಲ್ಲಿಯೇ ವಾಸಿಸುವ ವಿದ್ಯಾರ್ಥಿಯನ್ನು ಕಲ್ಪಿಸಿಕೊಂಡು ರೂಪಿಸಿದ ಗ್ರಂಥಾಲಯವು ಇವರಿಗೆ ಒದಗುವುದು ಕಷ್ಟ.

ಭಂಡಾರದಿಂದ ಬಳಕೆಯ ಕಡೆಗೆ

ಕನ್ನಡ ನಾಡಿನಲ್ಲಿ ಉನ್ನತ ಶಿಕ್ಷಣ ಸಂಸ್ಥೆಗೆ ಅಂಟಿಕೊಂಡಂತೆ ಗ್ರಂಥಾಲಯವಿದ್ದುದಕ್ಕೆ ದೊರೆಯುವ ಸ್ಪಷ್ಟ ಆಧಾರಗಳಲ್ಲಿ ಮುಖ್ಯವಾದುದು ಇಂದಿನ ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ನಾಗಾವಿಯ ಶಾಸನ. ಕಲ್ಯಾಣ ಚಾಲುಕ್ಯ ಮೊದಲನೆಯ ಸೋಮೇಶ್ವರನ ಕಾಲದ, ಕ್ರಿ.ಶ. 1058ರ ಈ ಶಾಸನವು ಅಲ್ಲಿನ ಘಟಿಕಾಸ್ಥಾನದಲ್ಲಿ ವೇದಾಧ್ಯಯನ ಮಾಡುವ 200 ಹಾಗೂ ಶಾಸ್ತ್ರಾಧ್ಯಯನ ಮಾಡುವ 52 ವಿದ್ಯಾರ್ಥಿಗಳಿಗೆ ವ್ಯವಸ್ಥೆ ಮಾಡಿದುದನ್ನು ತಿಳಿಸುತ್ತದೆ. ಅದರೊಡನೆಯೇ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೆಸರಿಸುತ್ತದೆ. ಲೆಕ್ಕ ಹಾಕಿದರೆ ನಲವತ್ತೆರಡು ವಿದ್ಯಾರ್ಥಿಗಳಿಗೆ ಒಬ್ಬ ಭಂಡಾರಿಗ. ಅನುದಾನಿತ ಕಾಲೇಜುಗಳಲ್ಲಿ ನಿವೃತ್ತಿಯಿಂದ ತೆರವಾದ ಗ್ರಂಥಪಾಲಕರ ಹುದ್ದೆಗಳು ವರ್ಷಾನುಗಟ್ಟಲೆ ಭರ್ತಿಯಾಗದೆ ಉಳಿಯುವುದನ್ನು ಕಂಡವರಿಗೆ ಹನ್ನೊಂದನೆಯ ಶತಮಾನದ ಈ ಪ್ರಮಾಣ ಮುಜುಗರ ತರುವಂಥದ್ದು.

ಹಿರೇಕೆರೂರಿಗೆ ನೆರೆಯಾದ ಬಳ್ಳಿಗಾವೆಯ ಕೋಡಿಯ ಮಠದ ಪ್ರಸಂಗ ಇನ್ನೊಂದು ಬಗೆಯದು. ಅಲ್ಲಿನ ಕೇದಾರೇಶ್ವರ ದೇವಾಲಯದ 1162ರ ಶಾಸನವು ಆ ಮಠದಲ್ಲಿ ವೇದಗಳು, ಹಲವು ವ್ಯಾಕರಣಗಳು, ಷಡ್ದರ್ಶನಗಳು, ಪುರಾಣ ಕಾವ್ಯ ನಾಟಕಗಳು ಅಭ್ಯಾಸವಾಗುತ್ತಿದ್ದುದನ್ನು ವರ್ಣಿಸುತ್ತದೆ. ಅದೇ ಉಸಿರಿನಲ್ಲಿ ದೀನರಿಗೂ ಅಂಗವಿಕಲರಿಗೂ ಅನ್ನ ದೊರೆಯುತ್ತಿದ್ದುದನ್ನು, ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿದ್ದುದನ್ನು ಹೇಳುತ್ತದೆ. ವಿದ್ಯೆಯ ತಾಣವು ವಿದ್ಯಾರ್ಥಿಯ ಹೊಟ್ಟೆ, ವಸತಿ, ಆರೋಗ್ಯಗಳನ್ನು ತನ್ನ ಹೊರಗಿನ ಸಂಗತಿಗಳೆಂದು ಬಗೆದಿರಲಿಲ್ಲ ಎಂಬುದು ಇಲ್ಲಿ ಗಮನಾರ್ಹ.

ಆದರೆ ‘ಭಂಡಾರ’ ಎಂಬ ಮಾತಿನಲ್ಲಿಯೇ ಒಂದು ತೊಡಕು ಇದೆ. ಭಂಡಾರವೆಂದರೆ ಕಾಪಿಡುವ ಸ್ಥಳ. ಓಲೆಗರಿಯ ಒಂದೊಂದು ಕಟ್ಟೂ ಅಪೂರ್ವವಾಗಿದ್ದ ಕಾಲಕ್ಕೆ ಕಾಪಿಡುವುದೇ ಸೇವೆಯಾಗಿತ್ತು. ಅಚ್ಚಿನ ಯುಗ ಬಂದ ಮೇಲೆಯೂ ಭಂಡಾರಿಗನ ಮನೋಧರ್ಮ ಮಾತ್ರ ಹಾಗೆಯೇ ಮುಂದುವರಿಯಿತು: ಬೀಗ ಹಾಕಿದ ಗಾಜಿನ ಕಪಾಟು, ಚೀಟಿ ಬರೆದುಕೊಟ್ಟು ಕಾಯುವ ಪದ್ಧತಿ, ಕಳೆದುಹೋದ ಪುಸ್ತಕಕ್ಕೆ ಗ್ರಂಥಪಾಲಕನೇ ಹಣ ಕಟ್ಟಬೇಕಾದ ಭಯ. ಕೊನೆಯದನ್ನು ಗ್ರಂಥಪಾಲಕರ ದೋಷವೆನ್ನಲಾಗದು. ಲೆಕ್ಕಪರಿಶೋಧನೆಯು ಪುಸ್ತಕವನ್ನು ಮೇಜು ಕುರ್ಚಿಯಂತೆ ಆಸ್ತಿಯೆಂದು ಎಣಿಸುವವರೆಗೆ ಅದನ್ನು ಹೊರಗೆ ಬಿಡದಿರುವುದೇ ಜಾಣತನವೆನಿಸುತ್ತದೆ.

ಈ ಮನೋಧರ್ಮವನ್ನು ಪ್ರಶ್ನಿಸಿದವರು ಎಸ್. ಆರ್. ರಂಗನಾಥನ್. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಅವರು 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕಗಳಿರುವುದು ಬಳಕೆಗಾಗಿ ಎಂಬ ಮೊದಲ ಸೂತ್ರ ಈಗ ಎಲ್ಲ ಗ್ರಂಥಾಲಯಗಳ ಗೋಡೆಯ ಮೇಲೂ ಇದೆ; ಅದರಿಂದ ಅವರು ಹೊರಡಿಸಿದ ಫಲಿತಗಳು ಅಷ್ಟಾಗಿ ನೆನಪಿನಲ್ಲಿಲ್ಲ. ಸೂತ್ರದ ಚರ್ಚೆಯಲ್ಲಿ ಅವರು ಎತ್ತಿಕೊಳ್ಳುವ ವಿಷಯಗಳು ಗ್ರಂಥಾಲಯವಿರುವ ಸ್ಥಳ, ತೆರೆದಿರುವ ವೇಳೆ, ಪೀಠೋಪಕರಣ ಮತ್ತು ಸಿಬ್ಬಂದಿ. ಅಂದರೆ ‘ಬಳಕೆ’ ಎಂಬುದು ಅವರಿಗೆ ಆದರ್ಶವಾಕ್ಯವಾಗಿರದೆ ಗಂಟೆ ಮತ್ತು ಅಳತೆಗಳ ಲೆಕ್ಕವಾಗಿತ್ತು. ಅದೇ ವರ್ಷ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕಗಳನ್ನು ಹಳ್ಳಿಗಳಿಗೆ ಒಯ್ಯುವ ಪ್ರಯೋಗ ನಡೆಯಿತು. ಹಾವೇರಿ ಸೀಮೆಯವರಿಗೆ ಇದು ಹೊಸದಾಗಿ ಕಾಣಬೇಕಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದ ಸಂಗತಿ ಇಲ್ಲಿ ಇಂದಿಗೂ ಪ್ರಸಿದ್ಧ. ಓದುಗನು ಬರಲಾಗದ ಕಡೆ ಪುಸ್ತಕವೇ ಹೋಗಬೇಕೆಂಬ ತಿಳಿವಳಿಕೆ ಗ್ರಂಥಾಲಯ ವಿಜ್ಞಾನಕ್ಕಿಂತ ಮೊದಲೇ ಈ ನೆಲದಲ್ಲಿತ್ತು.

ವಿದ್ಯಾರ್ಥಿಯ ದಿನ

ಹಳ್ಳಿಯಿಂದ ಬಂದು ಹೋಗುವ ವಿದ್ಯಾರ್ಥಿಯ ದಿನವನ್ನು ನಿರ್ಧರಿಸುವುದು ತರಗತಿಯ ವೇಳಾಪಟ್ಟಿಗಿಂತ ಹೆಚ್ಚಾಗಿ ಬಸ್ಸಿನ ವೇಳಾಪಟ್ಟಿ. ಬೆಳಗಿನ ಬಸ್ಸು ತರಗತಿಗಿಂತ ಮುಂಚೆಯೇ ತಂದು ಬಿಡುತ್ತದೆ. ಸಂಜೆಯದು ತಪ್ಪಿದರೆ ಮುಂದಿನದು ಇರುವುದಿಲ್ಲ. ಗ್ರಂಥಾಲಯ ತೆರೆಯುವುದು ಕಚೇರಿಯ ವೇಳೆಗೆ, ಅಂದರೆ ತರಗತಿಗಳು ಆರಂಭವಾಗುವ ಹೊತ್ತಿಗೇ. ಮುಚ್ಚುವುದೂ ತರಗತಿಗಳು ಮುಗಿಯುವ ಹೊತ್ತಿಗೆ. ಹೀಗಾಗಿ ವಿದ್ಯಾರ್ಥಿ ಬಿಡುವಾಗಿರುವ ಬೆಳಗಿನ ಹೊತ್ತು ಬಾಗಿಲು ಮುಚ್ಚಿರುತ್ತದೆ. ಬಾಗಿಲು ತೆರೆದಿರುವಾಗ ಆತ ತರಗತಿಯಲ್ಲಿರುತ್ತಾನೆ. ರಾತ್ರಿ ಎಂಟರವರೆಗೆ ತೆರೆದಿಡುವ ಸುಧಾರಣೆ ವಿದ್ಯಾರ್ಥಿನಿಲಯದವರಿಗೆ ಉಪಕಾರಿ. ಊರಿಗೆ ಮರಳಬೇಕಾದವರಿಗೆ, ವಿಶೇಷವಾಗಿ ವಿದ್ಯಾರ್ಥಿನಿಯರಿಗೆ, ಅದರಿಂದ ಪ್ರಯೋಜನವಿಲ್ಲ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಮಹಿಳೆಯರ ಬಸ್ ಪ್ರಯಾಣ ಉಚಿತವಾದ ಮೇಲೆ ದೂರದ ಕಾಲೇಜಿಗೆ ನಿತ್ಯ ಹೋಗಿಬರುವುದು ಅವರಿಗೆ ಆರ್ಥಿಕವಾಗಿ ಸಾಧ್ಯವಾಗಿದೆ. ಗ್ರಂಥಾಲಯದ ವೇಳೆ ಮಾತ್ರ ಈ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ. ಬೆಳಗಿನ ಒಂದೂವರೆ ಗಂಟೆ ಹೆಚ್ಚಿಗೆ ತೆರೆಯುವುದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಪಾಳಿಯಲ್ಲಿ ಬರುವ ಇನ್ನೊಬ್ಬ ಸಿಬ್ಬಂದಿ ಸಾಕು.

ಇಂಥ ಸಂಗತಿಗಳನ್ನು ಪ್ರಶ್ನಾವಳಿ ಹಂಚಿ ತಿಳಿಯುವುದು ಸುಲಭವಲ್ಲ. ಗ್ರಂಥಾಲಯದ ಸೇವೆ ತೃಪ್ತಿಕರವೇ ಎಂದು ಕೇಳಿದರೆ ವಿದ್ಯಾರ್ಥಿ ಹೌದೆಂದೇ ಬರೆಯುತ್ತಾನೆ. ಬೇರೆಯದನ್ನು ಆತ ಕಂಡಿರುವುದಿಲ್ಲ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಗ್ರಂಥಾಲಯವು ಮಾನವಶಾಸ್ತ್ರಜ್ಞೆ ನ್ಯಾನ್ಸಿ ಫ್ರೈಡ್ ಫಾಸ್ಟರ್ ಅವರನ್ನು ತೊಡಗಿಸಿಕೊಂಡು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ದಾರಿ ಹಿಡಿಯಿತು. ವಿದ್ಯಾರ್ಥಿಗಳ ಕೈಗೆ ಕ್ಯಾಮೆರಾ ಮತ್ತು ಆವರಣದ ನಕಾಶೆ ಕೊಟ್ಟು, ಅವರು ದಿನವಿಡೀ ಎಲ್ಲಿದ್ದರು, ಎಲ್ಲಿ ಕುಳಿತು ಓದಿದರು ಎಂಬುದನ್ನು ಅವರಿಂದಲೇ ಗುರುತಿಸಿಕೊಳ್ಳಲಾಯಿತು. ಗ್ರಂಥಪಾಲಕರು ಊಹಿಸಿಕೊಂಡಿದ್ದ ವಿದ್ಯಾರ್ಥಿಯ ದಿನಕ್ಕೂ ವಾಸ್ತವದ ದಿನಕ್ಕೂ ಬಹಳ ಅಂತರವಿರುವುದು ಅದರಿಂದ ಹೊರಬಿತ್ತು. ಕ್ಷೇತ್ರಕಾರ್ಯದಲ್ಲಿ ನುರಿತ ಕನ್ನಡ ಹಾಗೂ ಜಾನಪದ ವಿಭಾಗಗಳಿಗೆ ಈ ವಿಧಾನ ಪರಕೀಯವೇನಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚು, ಪರಿಚಿತರ ಜೆರಾಕ್ಸ್ ಅಂಗಡಿ, ಊರ ದೇವಾಲಯದ ಕಟ್ಟೆ ಇವುಗಳಲ್ಲಿ ಯಾವುದು ವಿದ್ಯಾರ್ಥಿಯ ನಿಜವಾದ ಓದುವ ಕೋಣೆಯಾಗಿದೆ ಎಂಬುದನ್ನು ತಿಳಿಯದೆ ಆಸನಗಳ ಸಂಖ್ಯೆ ನಿಗದಿಪಡಿಸುವುದು ವ್ಯರ್ಥ.

ಇನ್ನು, ಓದುವ ಕೋಣೆಯಲ್ಲಿ ನಿಜವಾಗಿ ಕುಳಿತಿರುವವರು ಯಾರು? ಅವರಲ್ಲಿ ಹೆಚ್ಚಿನವರು ಗ್ರಂಥಾಲಯದ ಒಂದು ಪುಸ್ತಕವನ್ನೂ ತೆಗೆಯದೆ ತಮ್ಮದೇ ಪುಸ್ತಕಗಳೊಂದಿಗೆ ಶಿಕ್ಷಕರ ಅರ್ಹತಾ ಪರೀಕ್ಷೆಗೋ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹುದ್ದೆಗೋ ಪೊಲೀಸ್ ನೇಮಕಾತಿಗೋ ಸಿದ್ಧತೆ ನಡೆಸುತ್ತಿರುತ್ತಾರೆ. ಇದನ್ನು ಗ್ರಂಥಾಲಯದ ದುರುಪಯೋಗವೆಂದು ಹೇಳುವ ವಿದ್ವಾಂಸರಿದ್ದಾರೆ. ಅದು ಅಷ್ಟು ಸರಿಯಾದ ನಿಲುವಲ್ಲ. ಮನೆಯಲ್ಲಿ ಪ್ರತ್ಯೇಕ ಕೋಣೆಯಾಗಲಿ ಮೇಜಾಗಲಿ ಇಲ್ಲದವರಿಗೆ ಮೌನ ಮತ್ತು ಬೆಳಕು ಒದಗಿಸುವುದೂ ಗ್ರಂಥಾಲಯದ ಸೇವೆಯೇ. ಆದರೆ ಅವರಿಗಾಗಿ ಬೇರೆ ಸಭಾಂಗಣ, ಬೇರೆ ಬಾಗಿಲು ಇರಬೇಕು. ಹಾಗಿಲ್ಲದಿದ್ದಾಗ ಬೆಳಗ್ಗೆ ಬಂದು ಜಾಗ ಹಿಡಿದವರು ಸಂಜೆಯವರೆಗೆ ಏಳುವುದಿಲ್ಲ. ಎರಡು ತರಗತಿಗಳ ನಡುವೆ ನಿಘಂಟು ನೋಡಲು ಬಂದ ವಿದ್ಯಾರ್ಥಿಗೆ ಕುರ್ಚಿ ಇರುವುದಿಲ್ಲ. ಜೊತೆಗೆ ಸ್ವಂತ ಪುಸ್ತಕ ಮತ್ತು ಚೀಲಗಳನ್ನು ಒಳಗೆ ತರಬಾರದೆಂಬ ಹಳೆಯ ನಿಯಮ ಇಬ್ಬರನ್ನೂ ಪೀಡಿಸುತ್ತದೆ.

ಪಠ್ಯಪುಸ್ತಕಗಳ ಪ್ರಶ್ನೆಯನ್ನು ಸಂಕ್ಷೇಪವಾಗಿ ಹೇಳಬಹುದು. ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ 2021-22ರಲ್ಲಿ ಪದವಿ ಪಠ್ಯಕ್ರಮ ಬದಲಾಯಿತು. 2024-25ರಲ್ಲಿ ರಾಜ್ಯವು ಮೂರು ವರ್ಷಗಳ ಪದವಿಗೆ ಮರಳಿದಾಗ ಮತ್ತೆ ಬದಲಾಯಿತು. ಒಂದೇ ಪಠ್ಯದ ನೂರಾರು ಪ್ರತಿಗಳನ್ನು ಕೊಂಡ ಗ್ರಂಥಾಲಯಗಳಲ್ಲಿ ಅವು ಈಗ ನಿರುಪಯುಕ್ತ ರಾಶಿಯಾಗಿವೆ. ಬಡ ವಿದ್ಯಾರ್ಥಿಗೆ ಪಠ್ಯ ಬೇಕೇ ಬೇಕು. ಪುಸ್ತಕ ಬ್ಯಾಂಕ್ ಮತ್ತು ಒಂದು ರಾತ್ರಿಯ ಎರವಲು ಆ ಅಗತ್ಯವನ್ನು ಕಡಿಮೆ ಪ್ರತಿಗಳಲ್ಲಿಯೇ ಪೂರೈಸಬಲ್ಲವು. ಉಳಿದ ಹಣ ಪಠ್ಯಕ್ರಮ ಬದಲಾದರೂ ಹಳತಾಗದ ನಿಘಂಟು, ಶಾಸನಸಂಪುಟ, ಆಕರಗ್ರಂಥಗಳಿಗೆ ಸಲ್ಲಬೇಕು.

ಕನ್ನಡ ಪುಸ್ತಕ ಎಲ್ಲಿದೆ?

ಇಲ್ಲಿಯವರೆಗಿನ ಸಂಗತಿಗಳು ಎಲ್ಲ ವಿಷಯಗಳ ವಿದ್ಯಾರ್ಥಿಗಳಿಗೂ ಸಮಾನ. ಕನ್ನಡ ಪುಸ್ತಕ ಹುಡುಕುವ ವಿದ್ಯಾರ್ಥಿಗೆ ಇನ್ನೊಂದು ತಡೆಯಿದೆ. ಅದು ಕಣ್ಣಿಗೆ ಕಾಣದ ಕಾರಣ ಚರ್ಚೆಗೂ ಬಂದಿಲ್ಲ. ಪುಸ್ತಕ ಗ್ರಂಥಾಲಯದಲ್ಲಿದೆ, ಕಪಾಟಿನಲ್ಲಿಯೇ ಇದೆ. ಸೂಚಿಯಲ್ಲಿ ಹುಡುಕಿದರೆ ಇಲ್ಲವೆಂದು ಬರುತ್ತದೆ.

ಗಣಕೀಕರಣದ ಆರಂಭದ ವರ್ಷಗಳಲ್ಲಿ ಅನೇಕ ಗ್ರಂಥಾಲಯಗಳು ಕನ್ನಡ ಪುಸ್ತಕಗಳ ವಿವರಗಳನ್ನು ರೋಮನ್ ಲಿಪಿಯಲ್ಲಿ, ಅದೂ ಧ್ವನಿಚಿಹ್ನೆಗಳಿಲ್ಲದೆ, ನಮೂದಿಸಿದವು. ಆ ಲಿಪಿಯಲ್ಲಿ ಹ್ರಸ್ವ ದೀರ್ಘಗಳ ಭೇದವಿಲ್ಲ. ಲ ಮತ್ತು ಳ, ನ ಮತ್ತು ಣ, ತ ಮತ್ತು ಟ, ದ ಮತ್ತು ಡ ಒಂದೇ ಆಗುತ್ತವೆ. ಮಲೆ, ಮಳೆ, ಮಾಲೆ ಈ ಮೂರೂ ಸೂಚಿಯಲ್ಲಿ ಒಂದೇ ಪದ. ದೀರ್ಘಕ್ಕೆ ಒಬ್ಬ ನಮೂದಕ ಅಕ್ಷರವನ್ನು ಎರಡು ಬಾರಿ ಬರೆದರೆ ಇನ್ನೊಬ್ಬ ಒಂದೇ ಬಾರಿ ಬರೆಯುತ್ತಾನೆ. ಪದಾಂತ್ಯದ ಅಕಾರವನ್ನು ಒಬ್ಬ ಉಳಿಸಿದರೆ ಇನ್ನೊಬ್ಬ ಬಿಡುತ್ತಾನೆ. ಹೀಗೆ ಒಬ್ಬನೇ ಲೇಖಕ ನಾಲ್ಕೈದು ಲೇಖಕರಾಗಿ ಒಡೆದುಹೋಗುತ್ತಾನೆ.

ಇದರ ಪರಿಣಾಮ ಎಷ್ಟು ವ್ಯಾಪಕವೆಂಬುದಕ್ಕೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯನ್ನು ನೋಡಬಹುದು. 2000ದ ದಶಕದಲ್ಲಿ ಅದರಡಿ ಅಪಾರ ಸಂಖ್ಯೆಯ ಹಳೆಯ ಕನ್ನಡ ಪುಸ್ತಕಗಳು ಸ್ಕ್ಯಾನ್ ಆದವು. ಆದರೆ ಶೀರ್ಷಿಕೆ, ಲೇಖಕರ ಹೆಸರುಗಳು ರೋಮನ್ ಲಿಪಿಯಲ್ಲಿ, ಬಹಳ ಕಡೆ ತಪ್ಪುತಪ್ಪಾಗಿ ದಾಖಲಾಗಿದ್ದುದರಿಂದ ಇದ್ದ ಪುಸ್ತಕವೂ ಇಲ್ಲದಂತೆ ಆಯಿತು. ಆ ಹೆಸರುಗಳನ್ನು ಕನ್ನಡ ಲಿಪಿಗೆ ತರುವ ಕೆಲಸವನ್ನು ಮುಂದೆ ‘ಸಂಚಯ’ ಬಳಗದ ಸ್ವಯಂಸೇವಕರು ಕೈಗೊಂಡರು. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಮಾಡಬೇಕಾಗಿದ್ದ ಕೆಲಸವನ್ನು ಹೊರಗಿನ ತಂತ್ರಜ್ಞರೂ ಉತ್ಸಾಹಿಗಳೂ ಮಾಡಿದರೆಂಬುದನ್ನು ಮರೆಯಬಾರದು.

ಲಿಪಿಯ ತೊಡಕು ನಿವಾರಣೆಯಾದರೂ ಹೆಸರಿನ ತೊಡಕು ಉಳಿಯುತ್ತದೆ. ಗಳಗನಾಥರ ನಿಜನಾಮ ವೆಂಕಟೇಶ ತಿರಕೋ ಕುಲಕರ್ಣಿ. ಸೂಚೀಕರಣದ ನಿಯಮವನ್ನು ಯಾಂತ್ರಿಕವಾಗಿ ಅನುಸರಿಸಿದವರು ‘ಕುಲಕರ್ಣಿ’ಯ ಅಡಿಯಲ್ಲಿಟ್ಟರೆ, ಮುಖಪುಟ ನೋಡಿದವರು ‘ಗಳಗನಾಥ’ದ ಅಡಿಯಲ್ಲಿಡುತ್ತಾರೆ. ಸವಣೂರಿನಲ್ಲಿ ಹುಟ್ಟಿದ ವಿ. ಕೃ. ಗೋಕಾಕರ ಕಾವ್ಯ ‘ವಿನಾಯಕ’ ಎಂಬ ಹೆಸರಿನಲ್ಲಿದೆ, ವಿಮರ್ಶೆ ‘ಗೋಕಾಕ’ ಎಂಬ ಹೆಸರಿನಲ್ಲಿ, ಇಂಗ್ಲಿಷ್ ಬರಹಗಳು ಇನ್ನೊಂದು ಬಗೆಯ ಮೊದಲಕ್ಷರಗಳಲ್ಲಿ. ಬೇಂದ್ರೆಯವರು ಅಂಬಿಕಾತನಯದತ್ತರೂ ಹೌದು. ಶ್ರೀರಂಗರು ಆದ್ಯ ರಂಗಾಚಾರ್ಯರೂ ಹೌದು. ಕನ್ನಡದ ಅಧ್ಯಾಪಕರಿಗೆ ಇದು ಮಾಹಿತಿಯೇ ಅಲ್ಲ, ಸಹಜ ತಿಳಿವಳಿಕೆ. ಸೂಚಿಗೆ ಮಾತ್ರ ಇದನ್ನು ಯಾರಾದರೂ ತಿಳಿಸಬೇಕು. ಗ್ರಂಥಾಲಯ ವಿಜ್ಞಾನದಲ್ಲಿ ಇದಕ್ಕಾಗಿಯೇ ಹೆಸರುಗಳ ಪ್ರಮಾಣಪಟ್ಟಿ ಎಂಬ ವ್ಯವಸ್ಥೆಯಿದೆ: ಒಂದು ರೂಪವನ್ನು ಅಧಿಕೃತವೆಂದು ಇಟ್ಟುಕೊಂಡು ಉಳಿದ ರೂಪಗಳಿಂದ ಅಲ್ಲಿಗೆ ದಾರಿ ತೋರಿಸುವುದು. ಕನ್ನಡ ಲೇಖಕರ ಅಂಥ ಪಟ್ಟಿ ಸಿದ್ಧವಾಗಬೇಕಾದರೆ ಅಂಕಿತನಾಮ, ಕಾವ್ಯನಾಮ, ಊರಹೆಸರು, ಮನೆತನದ ಹೆಸರುಗಳ ವ್ಯತ್ಯಾಸ ಬಲ್ಲವರು ಕುಳಿತು ನಿರ್ಣಯಿಸಬೇಕು.

ಸ್ಥಳನಾಮಗಳ ಪಾಡೂ ಇದೇ. ಹಾನಗಲ್, ಹಾನಗಲ್ಲ, ಹಾನಗಲ್ಲು; ಶಿಗ್ಗಾಂವ, ಶಿಗ್ಗಾವಿ, ಶಿಗ್ಗಾಂವಿ; ಹಂಸಭಾವಿ, ಹಂಸಬಾವಿ; ಅಬ್ಬಲೂರು, ಅಬಲೂರು. ಪ್ರಾಚೀನ ರೂಪವಾದ ಪಾನುಂಗಲ್ಲು ಬೇರೆ. ಹಾನಗಲ್ಲ ಕದಂಬರ ಬಗ್ಗೆ ಸಂಪ್ರಬಂಧ ಬರೆಯುವ ವಿದ್ಯಾರ್ಥಿ ಇವುಗಳಲ್ಲಿ ಒಂದನ್ನಷ್ಟೇ ಬೆರಳಚ್ಚಿಸಿ, ಬಂದ ಎರಡು ಪುಸ್ತಕಗಳನ್ನು ನೋಡಿ, ಈ ವಿಷಯದಲ್ಲಿ ಇಷ್ಟೇ ಕೆಲಸ ನಡೆದಿದೆ ಎಂದು ತನ್ನ ಪ್ರಸ್ತಾವನೆಯಲ್ಲಿ ಬರೆಯುತ್ತಾನೆ. ‘ಈ ಕುರಿತು ಈವರೆಗೆ ಅಧ್ಯಯನ ನಡೆದಿಲ್ಲ’ ಎಂದು ಹೇಳಿಕೊಳ್ಳುವ ಪ್ರಬಂಧಗಳಲ್ಲಿ ಕೆಲವಾದರೂ ಸೂಚಿಯ ಈ ದೋಷದಿಂದ ಹುಟ್ಟಿದವು ಎಂದರೆ ಉತ್ಪ್ರೇಕ್ಷೆಯಾಗದು. ಸಂಶೋಧನೆಯ ಗುಣಮಟ್ಟ ಕುಸಿದಿದೆಯೆಂದು ಸಂಕಿರಣಗಳಲ್ಲಿ ಮರುಗುವವರು ಒಮ್ಮೆ ತಮ್ಮ ವಿಶ್ವವಿದ್ಯಾಲಯದ ಸೂಚಿಯಲ್ಲಿ ತಮ್ಮದೇ ಹೆಸರನ್ನು ಹುಡುಕಿ ನೋಡುವುದು ಲೇಸು.

ವರ್ಗೀಕರಣದ ಸಮಸ್ಯೆ ಇದಕ್ಕಿಂತ ಸೂಕ್ಷ್ಮವಾದುದು. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820ರ ಇಡೀ ಹತ್ತು ಮೀಸಲು. ಕನ್ನಡ ಸಾಹಿತ್ಯದ ಸ್ಥಾನ 894.814; ಅದಕ್ಕೆ 1 ಸೇರಿದರೆ ಕಾವ್ಯ, 2 ಸೇರಿದರೆ ನಾಟಕ, 3 ಸೇರಿದರೆ ಕಥನ. ಕನ್ನಡ ವಿಭಾಗದ ಕಪಾಟುಗಳ ಸಾವಿರಾರು ಪುಸ್ತಕಗಳ ಬೆನ್ನಿನ ಮೇಲೆ ಮೊದಲ ಆರು ಅಂಕಿಗಳು ಒಂದೇ ಆಗಿರುತ್ತವೆ. ಹೊಸ ವಿದ್ಯಾರ್ಥಿಗೆ ಆ ಅಂಕಿಗಳಿಂದ ಏನೂ ತಿಳಿಯುವುದಿಲ್ಲ. ಅವನಿಗೆ ಬೇಕಾದ ಭೇದ ಏಳನೆಯ ಅಂಕಿಯಿಂದಷ್ಟೇ ಆರಂಭವಾಗುತ್ತದೆ.

ಕನ್ನಡಕ್ಕೆ ಸಹಜವಾದ ಪ್ರಕಾರಗಳು ಈ ವಿಂಗಡಣೆಗೆ ಒಗ್ಗುವುದೂ ಇಲ್ಲ. ವಚನ ಕಾವ್ಯವೇ, ಗದ್ಯವೇ, ಧರ್ಮವೇ? ಒಬ್ಬ ಗ್ರಂಥಪಾಲಕ ವಚನಸಂಪುಟವನ್ನು 894.8141ರಲ್ಲಿ ಇಟ್ಟರೆ ಇನ್ನೊಬ್ಬ 294.5ರ ಧರ್ಮವಿಭಾಗಕ್ಕೆ ಕಳಿಸುತ್ತಾನೆ. ಶಿಗ್ಗಾಂವ ತಾಲ್ಲೂಕಿನ ಶಿಶುನಾಳ ಷರೀಫರ ತತ್ತ್ವಪದಗಳ ಸಂಕಲನಗಳಂತೂ ಕಾವ್ಯ, ಧರ್ಮ, 398ರ ಜಾನಪದ, 781ರ ಸಂಗೀತ ಹೀಗೆ ನಾಲ್ಕೂ ಕಡೆ ಚದುರಿಹೋಗುವ ಸಾಧ್ಯತೆಯಿದೆ. ಯಾವುದೂ ತಪ್ಪಲ್ಲ; ಷರೀಫರು ನಾಲ್ಕೂ ಹೌದು. ಆದರೆ ಪುಸ್ತಕದ ಒಂದು ಪ್ರತಿ ಒಂದೇ ಕಡೆ ಇರಬಲ್ಲದಾದ್ದರಿಂದ, ಉಳಿದ ಮೂರು ಕಡೆ ಹುಡುಕುವವನಿಗೆ ಸೂಚಿಯಾದರೂ ದಾರಿ ತೋರಬೇಕು. ‘ತತ್ತ್ವಪದ’, ‘ಸ್ವರವಚನ’, ‘ತ್ರಿಪದಿ’, ‘ಬಯಲಾಟ’, ‘ಲಾವಣಿ’ ಎಂಬ ವಿಷಯಶೀರ್ಷಿಕೆಗಳು ಸೂಚಿಯಲ್ಲಿ ಕನ್ನಡದಲ್ಲಿಯೇ ಇದ್ದರೆ ವರ್ಗಸಂಖ್ಯೆಯ ಚರ್ಚೆ ಹಿಂದೆ ಸರಿಯುತ್ತದೆ. ಇಂಗ್ಲಿಷಿನ ಸಿದ್ಧ ಪಟ್ಟಿಗಳಿಂದ ಎರವಲು ತಂದ ಶೀರ್ಷಿಕೆಗಳಲ್ಲಿ ಇವೆಲ್ಲ ಭಾರತೀಯ ಕಾವ್ಯವೆಂಬ ಒಂದೇ ಚೀಲಕ್ಕೆ ಬೀಳುತ್ತವೆ.

ತಂತ್ರಜ್ಞಾನ ಒದಗಿಲ್ಲವೆಂಬ ಕಾರಣ ಈಗ ಉಳಿದಿಲ್ಲ. ಕನ್ನಡ ಲಿಪಿ 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ಇನ್‌ಫ್ಲಿಬ್‌ನೆಟ್ ರೂಪಿಸಿದ ‘ಸೋಲ್’ ತಂತ್ರಾಂಶವು 2009ರ ಎರಡನೆಯ ಆವೃತ್ತಿಯಿಂದ ಯೂನಿಕೋಡ್ ಬೆಂಬಲಿಸುತ್ತದೆ. ನ್ಯೂಜಿಲೆಂಡಿನಲ್ಲಿ 2000ದಲ್ಲಿ ಬಳಕೆಗೆ ಬಂದ ‘ಕೋಹಾ’ ಉಚಿತವಾಗಿಯೇ ದೊರೆಯುತ್ತದೆ. ಗ್ರಂಥದಾಖಲೆಯ ಅಂತಾರಾಷ್ಟ್ರೀಯ ಮಾದರಿಯಾದ ಮಾರ್ಕ್ 21ರಲ್ಲಿ ಮೂಲಲಿಪಿಯ ರೂಪವನ್ನು ರೋಮನ್ ರೂಪದ ಜೊತೆಗೆ ಇಡಲೆಂದೇ 880ನೆಯ ಕ್ಷೇತ್ರವಿದೆ. ಕೊರತೆಯಿರುವುದು ಹಳೆಯ ದಾಖಲೆಗಳನ್ನು ತಿದ್ದುವ ಕೈಗಳದ್ದು. 2000ದ ದಶಕದಲ್ಲಿ ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಪುಸ್ತಕಪಟ್ಟಿಗಳು ಇಂದು ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತವೆ. ಅವನ್ನು ಪರಿವರ್ತಿಸಿ, ಅರ್ಕಾವತ್ತು ಒತ್ತಕ್ಷರಗಳ ದೋಷಗಳನ್ನು ಕಣ್ಣಿಟ್ಟು ತಿದ್ದಬೇಕು.

ಕಟ್ಟಡ, ಕಪಾಟು, ಬೆಳಕು

ಕಟ್ಟಡದ ವಿಷಯದಲ್ಲಿ ಮಾರ್ಗದರ್ಶನಕ್ಕೆ ಕೊರತೆಯಿಲ್ಲ. ಗ್ರಂಥಾಲಯ ಕಟ್ಟಡಗಳಿಗಾಗಿ ಭಾರತೀಯ ಮಾನಕ 1553 ಇದೆ. ಅದು 1989ರಲ್ಲಿ ಪರಿಷ್ಕೃತವಾಯಿತು. ಬ್ರಿಟನ್ನಿನ ವಾಸ್ತುಶಿಲ್ಪಿ ಹ್ಯಾರಿ ಫಾಕ್ನರ್-ಬ್ರೌನ್ ಗ್ರಂಥಾಲಯ ಕಟ್ಟಡಕ್ಕೆ ಹೇಳಿದ ಹತ್ತು ಗುಣಗಳು, ಉದಾಹರಣೆಗೆ ಮಾರ್ಪಾಡಿಗೆ ಒಗ್ಗುವುದು, ವಿಸ್ತರಣೆಗೆ ಅವಕಾಶವಿರುವುದು, ಹವೆಯ ಸ್ಥಿರತೆ, ಗ್ರಂಥಾಲಯ ವಿಜ್ಞಾನದ ತರಗತಿಗಳಲ್ಲಿ ಪರಿಚಿತವಾಗಿವೆ. ಅವುಗಳಲ್ಲಿ ಹವೆಯ ಸ್ಥಿರತೆಯನ್ನು ಬ್ರಿಟನ್ನಿನಲ್ಲಿ ಅರ್ಥಮಾಡಿಕೊಂಡಂತೆ ಇಲ್ಲಿ ಅರ್ಥೈಸಿದರೆ ತೊಂದರೆಯಾಗುತ್ತದೆ. ಹಾನಗಲ್ಲ, ಹಿರೇಕೆರೂರುಗಳು ಅರೆಮಲೆನಾಡಿಗೆ ಹೊಂದಿಕೊಂಡ ಸೀಮೆ. ಮಳೆಗಾಲದ ತೇವ ಪುಸ್ತಕಕ್ಕೆ ಬೂಷ್ಟು ತರುತ್ತದೆ, ನೆಲದಿಂದ ಗೆದ್ದಲು ಏರುತ್ತದೆ. ಪೂರ್ತಿ ಗಾಜು ಹಾಕಿ ಹವಾನಿಯಂತ್ರಣಕ್ಕೆ ಒಪ್ಪಿಸಿದ ಕಟ್ಟಡದಲ್ಲಿ ವಿದ್ಯುತ್ ಹೋದ ಮಧ್ಯಾಹ್ನ ಕುಳಿತುಕೊಳ್ಳಲಾಗುವುದಿಲ್ಲ. ಉತ್ತರದ ಕಿಟಕಿಯ ಬೆಳಕು, ಎದುರುಬದುರು ಗಾಳಿ, ಗೋಡೆಗೆ ತಾಗದ ಕಪಾಟು, ನೆಲದಿಂದ ಗೇಣು ಮೇಲಿರುವ ಕೆಳತಟ್ಟು ಇವು ಹಳೆಯ ಉಪಾಯಗಳಾದರೂ ಇಂದಿಗೂ ಸಲ್ಲುತ್ತವೆ.

ಕಪಾಟು ಎತ್ತರವಾದಷ್ಟೂ ಪುಸ್ತಕ ಹೆಚ್ಚು ಹಿಡಿಯುತ್ತದೆಂಬುದು ಗುತ್ತಿಗೆದಾರನ ಲೆಕ್ಕ. ಕೈಗೆಟುಕದ ತಟ್ಟಿನಲ್ಲಿರುವ ಪುಸ್ತಕಕ್ಕೆ ಮುಕ್ತ ಪ್ರವೇಶವಿದ್ದೂ ಇಲ್ಲದಂತೆ. ಸ್ವಚ್ಛ ಶೌಚಾಲಯ, ಕುಡಿಯುವ ನೀರು, ಬುತ್ತಿ ಉಣ್ಣಲು ಒಂದು ಜಗುಲಿ ಇವುಗಳನ್ನು ಗ್ರಂಥಾಲಯದ ನಕ್ಷೆಯಲ್ಲಿ ಸೌಕರ್ಯಗಳೆಂದು ಕೊನೆಗೆ ಸೇರಿಸಲಾಗುತ್ತದೆ. ಬೆಳಗ್ಗೆ ಆರಕ್ಕೆ ಮನೆ ಬಿಟ್ಟ ವಿದ್ಯಾರ್ಥಿನಿ ಓದುವ ಕೋಣೆಯಲ್ಲಿ ಎಷ್ಟು ಹೊತ್ತು ಕುಳಿತಾಳು ಎಂಬುದನ್ನು ನಿರ್ಣಯಿಸುವುದು ಅವೇ.

ಧ್ವನಿಯೂ ಗ್ರಂಥವೇ

2011ರಲ್ಲಿ ಶಿಗ್ಗಾಂವ ತಾಲ್ಲೂಕಿನ ಗೊಟಗೋಡಿಯಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಗ್ರಂಥಾಲಯದ ಕಲ್ಪನೆಗೇ ಹೊಸ ಪ್ರಶ್ನೆ ಒಡ್ಡುತ್ತದೆ. ಡೊಳ್ಳಿನ ಪದ, ಬೀಸುವ ಪದ, ಸೋಬಾನೆ, ಬಯಲಾಟದ ಮಾತು ಇವುಗಳ ಮೂಲರೂಪ ಧ್ವನಿ. ಅಚ್ಚಾದದ್ದು ಅದರ ಲಿಪ್ಯಂತರ ಮಾತ್ರ. ಸ್ನಾತಕೋತ್ತರ ಹಾಗೂ ಪಿಎಚ್.ಡಿ. ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಿಸಿದ ಸಾಮಗ್ರಿಯು ಪ್ರಬಂಧ ಸಲ್ಲಿಕೆಯಾದ ಮೇಲೆ ಸಂಶೋಧಕರ ಮನೆಯ ಪೆಟ್ಟಿಗೆಗಳಲ್ಲಿ ಉಳಿದುಬಿಡುವುದೇ ಹೆಚ್ಚು. ಕ್ಯಾಸೆಟ್ಟಿನ ಸುರುಳಿ ಕಾಲಾಂತರದಲ್ಲಿ ಹಾಳಾಗುತ್ತದೆ, ಹಾಡಿದವರೂ ತೀರಿಕೊಂಡಿರುತ್ತಾರೆ. ಪಿಎಚ್.ಡಿ. ಪ್ರಬಂಧಗಳು 2010ರಿಂದ ‘ಶೋಧಗಂಗಾ’ದಲ್ಲಿ ಸೇರುತ್ತಿವೆ, ಅವುಗಳ ಆಧಾರವಾದ ಧ್ವನಿಗೆ ಅಂಥ ನೆಲೆ ಇಲ್ಲದಿರುವುದು ವಿಪರ್ಯಾಸ. ಪ್ರಬಂಧದ ಜೊತೆಗೆ ಧ್ವನಿಮುದ್ರಿಕೆಯ ಪ್ರತಿಯನ್ನೂ, ಹಾಡಿದವರ ಹೆಸರು, ಊರು, ಪ್ರಕಾರ, ದಿನಾಂಕ ಹಾಗೂ ಅವರ ಒಪ್ಪಿಗೆಯ ವಿವರವನ್ನೂ ಗ್ರಂಥಾಲಯಕ್ಕೆ ಸಲ್ಲಿಸುವುದು ಕಡ್ಡಾಯವಾದರೆ ಹತ್ತು ವರ್ಷಗಳಲ್ಲಿ ಯಾವ ಅನುದಾನದಿಂದಲೂ ಕೊಳ್ಳಲಾಗದ ಸಂಗ್ರಹ ಬೆಳೆಯುತ್ತದೆ.

ವಿದ್ಯುನ್ಮಾನ ನಿಯತಕಾಲಿಕೆಗಳ ವಿಷಯ ಬೇರೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ನಿಯತಕಾಲಿಕೆಗಳು ದೊರೆಯುವಂತಾಗಿದೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ದೊಡ್ಡ ಲಾಭ. ಕನ್ನಡದ ವಿದ್ಯಾರ್ಥಿಗೆ ಬೇಕಾದ ಹಳೆಯ ‘ಸದ್ಬೋಧ ಚಂದ್ರಿಕೆ’, ‘ಜಯಕರ್ನಾಟಕ’, ‘ಪ್ರಬುದ್ಧ ಕರ್ನಾಟಕ’ಗಳ ಸಂಚಿಕೆಗಳನ್ನು ಆ ಚಂದಾ ತಂದುಕೊಡಲಾರದು, ಅವನ್ನು ಇಲ್ಲಿನವರೇ ಉಳಿಸಿ, ಸೂಚಿ ಮಾಡಬೇಕು. ಲೇಖನಮಟ್ಟದ ಸೂಚಿ ಇಲ್ಲದ ಪತ್ರಿಕೆಯ ಸಂಪುಟ ಎಷ್ಟೇ ಭದ್ರವಾಗಿದ್ದರೂ ವಿದ್ಯಾರ್ಥಿಯ ಪಾಲಿಗೆ ಮುಚ್ಚಿದ ಬಾಗಿಲು.

ಬದಲಾಗುವ ವಿಶ್ವವಿದ್ಯಾಲಯ, ಉಳಿಯಬೇಕಾದ ಸೂಚಿ

ಹಂಸಭಾವಿ ಸೀಮೆಯ ಉನ್ನತ ಶಿಕ್ಷಣವು ಒಂದು ಕಾಲಕ್ಕೆ ಮುಂಬಯಿ ವಿಶ್ವವಿದ್ಯಾಲಯದ ಕಡೆಗೆ ನೋಡುತ್ತಿತ್ತು. 1949ರಲ್ಲಿ ಸ್ಥಾಪನೆಯಾಗಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯ ಅನಂತರ ಅದರ ನೆಲೆಯಾಯಿತು. ಅಲ್ಲಿನ ಗ್ರಂಥಾಲಯಕ್ಕೆ ಪ್ರೊ. ಎಸ್. ಎಸ್. ಬಸವನಾಳರ ಹೆಸರಿದೆ. 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯ ಕಾರ್ಯಾರಂಭ ಮಾಡಿದಾಗ ಜಿಲ್ಲೆಯ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯು ಹಾವೇರಿಯೂ ಸೇರಿದಂತೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸು ಮಾಡಿದಾಗ ನಡೆದ ವಾದವಿವಾದಗಳು ಬಹುಮಟ್ಟಿಗೆ ಅನುದಾನ, ಜಮೀನು, ಹುದ್ದೆಗಳ ಸುತ್ತಲೇ ಸುತ್ತಿದವು. ಜಿಲ್ಲೆಯ ವಿದ್ಯಾರ್ಥಿಗೆ ಧಾರವಾಡದಲ್ಲಿ ಎಪ್ಪತ್ತು ವರ್ಷಗಳಿಂದ ಬೆಳೆದ ಸಂಗ್ರಹದ ಮೇಲೆ ಯಾವ ಹಕ್ಕು ಉಳಿಯುತ್ತದೆ ಎಂಬ ಪ್ರಶ್ನೆ ಅವುಗಳಲ್ಲಿ ಮುನ್ನೆಲೆಗೆ ಬರಲಿಲ್ಲ.

ವಿಶ್ವವಿದ್ಯಾಲಯ ಒಡೆದಾಗ ಗ್ರಂಥಸಂಗ್ರಹ ಒಡೆಯುವುದಿಲ್ಲ, ಒಡೆಯಲೂಬಾರದು. ಆದರೆ ಹೊಸ ವಿಶ್ವವಿದ್ಯಾಲಯವೊಂದು ಶೂನ್ಯದಿಂದ ಅಂಥದೇ ಸಂಗ್ರಹ ಕಟ್ಟುವುದು ಅಸಾಧ್ಯ. 1939ರಲ್ಲಿ ಧಾರವಾಡದಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯ ಹಸ್ತಪ್ರತಿಗಳನ್ನಂತೂ ಎಷ್ಟು ಹಣ ಕೊಟ್ಟರೂ ಮತ್ತೆ ಕೊಳ್ಳಲಾಗದು. ಮಾಡಬಹುದಾದದ್ದು ಎರಡು. ಧಾರವಾಡ, ಹಾವೇರಿ, ಗೊಟಗೋಡಿಗಳ ಗ್ರಂಥಾಲಯಗಳೂ ಕಾಲೇಜು ಗ್ರಂಥಾಲಯಗಳೂ ಸೇರಿ ಕನ್ನಡ ಲಿಪಿಯ ಒಂದೇ ಸಂಯುಕ್ತ ಸೂಚಿ ಇಟ್ಟುಕೊಳ್ಳುವುದು. ಸೂಚಿಯಲ್ಲಿ ಕಂಡ ಪುಸ್ತಕ ವಿದ್ಯಾರ್ಥಿಯ ಕಾಲೇಜಿಗೇ ವಾರಕ್ಕೊಮ್ಮೆ ಬರುವಂತೆ ಅಂತರಗ್ರಂಥಾಲಯ ಎರವಲು ನಡೆಸುವುದು. ಉತ್ತರಪತ್ರಿಕೆಗಳ ಕಟ್ಟುಗಳು ಪರೀಕ್ಷಾ ಕೇಂದ್ರಗಳಿಂದ ವಿಶ್ವವಿದ್ಯಾಲಯಕ್ಕೆ ತಪ್ಪದೆ ಸಾಗುತ್ತವೆ; ಅದೇ ದಾರಿಯಲ್ಲಿ ಪುಸ್ತಕದ ಪೆಟ್ಟಿಗೆ ಮರಳಿ ಬರಲಾರದೆಂದು ಹೇಳಲು ಕಾರಣವಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾಗಿ ಈಗ ಅರಿವು ಕೇಂದ್ರಗಳೆನಿಸಿವೆ. ರಾಜ್ಯದಲ್ಲಿ ಅವು ಐದೂವರೆ ಸಾವಿರಕ್ಕೂ ಹೆಚ್ಚು. ರಜೆಯ ದಿನಗಳಲ್ಲಿ ವಿಶ್ವವಿದ್ಯಾಲಯದ ಪುಸ್ತಕವನ್ನು ಹಿಂದಿರುಗಿಸುವ ಸ್ಥಳವಾಗಿ ಅವನ್ನು ಬಳಸಿಕೊಂಡರೆ ದಂಡದ ಹಣಕ್ಕಾಗಿ ಬಸ್ಸು ಹತ್ತುವ ಕಷ್ಟ ತಪ್ಪುತ್ತದೆ.

ಸಂಯುಕ್ತ ಸೂಚಿಯ ಕೆಲಸವನ್ನು ಕನ್ನಡ ವಿಭಾಗಗಳು ಆರಂಭಿಸಲು ಯಾರ ಅನುಮತಿಗೂ ಕಾಯಬೇಕಾಗಿಲ್ಲ. ಎಂ.ಎ. ತರಗತಿಯ ಆಂತರಿಕ ಮೌಲ್ಯಮಾಪನಕ್ಕೆ ಈಗ ಬರೆಸುವ ಕಿರುಪ್ರಬಂಧಗಳು ಬಹುತೇಕ ಒಂದೆರಡು ವಿಮರ್ಶಾಗ್ರಂಥಗಳ ಸಂಗ್ರಹವಾಗಿರುತ್ತವೆ. ಅದರ ಬದಲು ಪ್ರತಿ ವಿದ್ಯಾರ್ಥಿಗೂ ತನ್ನ ಜಿಲ್ಲೆಯ ಹತ್ತು ಲೇಖಕರನ್ನು ವಹಿಸಿ, ನಿಜನಾಮ, ಕಾವ್ಯನಾಮ, ಹೆಸರಿನ ರೂಪಾಂತರಗಳು, ಜನನ ಮರಣದ ವರ್ಷ, ಹುಟ್ಟಿದೂರು ಮತ್ತು ಆ ಊರಿನ ಹೆಸರಿನ ರೂಪಾಂತರಗಳು, ಕೃತಿಗಳು ಹಾಗೂ ಅವುಗಳ ಮೊದಲ ಮುದ್ರಣ, ಪ್ರಕಾರ ಇವನ್ನು ಮೂಲಪುಸ್ತಕ ನೋಡಿಯೇ ಯೂನಿಕೋಡಿನಲ್ಲಿ ದಾಖಲಿಸುವಂತೆ ಹೇಳಬಹುದು. ಒಬ್ಬ ಅಧ್ಯಾಪಕ ಮತ್ತು ಗ್ರಂಥಪಾಲಕ ಜೊತೆಗೆ ಕುಳಿತು ಪರಿಶೀಲಿಸಿದ ದಾಖಲೆ ನೇರವಾಗಿ ಪ್ರಮಾಣಪಟ್ಟಿಗೆ ಸೇರುತ್ತದೆ. ಮೂವತ್ತು ವಿದ್ಯಾರ್ಥಿಗಳ ಒಂದು ತರಗತಿ ಒಂದು ಸೆಮಿಸ್ಟರಿನಲ್ಲಿ ಮುನ್ನೂರು ಹೆಸರುಗಳನ್ನು ಮುಗಿಸಬಲ್ಲದು. ಹಾವೇರಿ ಜಿಲ್ಲೆಯ ಮಟ್ಟಿಗೆ ಗಳಗನಾಥರಿಂದಲೂ ಗೋಕಾಕರಿಂದಲೂ ತೊಡಗಬಹುದು. ಅವರಿಬ್ಬರ ಪುಸ್ತಕಗಳೇ ಈಗ ಎರಡೆರಡು ಹೆಸರುಗಳಲ್ಲಿ ಹಂಚಿಹೋಗಿವೆ.